ಬಿಳಿಯಣ್ಣ ಬಳಿದ ನಮ್ಮ ತಾರಸಿ

ನನ್ನ ಗಂಡನಿಗೆ ಬಿಳಿಯಣ್ಣ ಎಂದು ಹೆಸರು ಬಿದ್ದದ್ದು ಮೈಬಣ್ಣದಿಂದಲ್ಲ. ಮೈಬಣ್ಣದಲ್ಲಿ ಅವರು ಕಾವಲಿಯ ತಳ. ತಾರಸಿಗಳಿಗೆ ಬಿಸಿಲು ತಡೆಯುವ ಬಿಳಿ ಪೇಂಟು ಬಳಿಯುವುದು ಅವರ ಕಸುಬು. ಸಂಜೆ ಮನೆಗೆ ಬಂದರೆ ಹುಬ್ಬು, ಕಿವಿ, ಮೂಗಿನ ತುದಿ ಎಲ್ಲ ಬಿಳಿ. ಅವರು ಹೋಗಿ ಇದು ಮೊದಲ ಬೇಸಿಗೆ. ತಾರಸಿಯಿಂದ ಬಿದ್ದು ಹೋದರು ಎಂದು ಕೆಲವರು ಹೇಳುತ್ತಾರೆ. ಸುಳ್ಳು. ಅವರು ಎಂದೂ ಬಿದ್ದವರಲ್ಲ. ಎದೆಗೆ ಕಫ ಕಟ್ಟಿತು, ಹೋದರು. ಅದರ ಬಗ್ಗೆ ಇಷ್ಟೇ ಸಾಕು.

ಮೊದಲು ಗೋಡೆಗೆ ಬಣ್ಣ ಹೊಡೆಯುತ್ತಿದ್ದರು. ತಾರಸಿಯ ಕೆಲಸ ಬಂದಾಗ ಅವರಿಗೇ ನಂಬಿಕೆ ಇರಲಿಲ್ಲ. "ಮನೆ ತಲೆಗೆ ಬಿಳಿ ಬಳಿದ್ರೆ ಒಳಗೆ ತಂಪಾಗುತ್ತಂತೆ" ಎಂದು ನಕ್ಕಿದ್ದರು. ಮೊದಲು ಬಳಿದದ್ದು ಹಾಲಿನಂಗಡಿಯವನ ತಾರಸಿ. ಅವನ ಫ್ರಿಜ್ಜು ಬೇಸಿಗೆಯಲ್ಲಿ ಉಸಿರು ಬಿಡದೆ ಗುರ್ ಎನ್ನುತ್ತಿತ್ತು. ಬಳಿದ ಮೇಲೆ ನಡುನಡುವೆ ಸುಮ್ಮನಾಗತೊಡಗಿತು. ಕೆಟ್ಟುಹೋಯಿತೆಂದು ಅವನು ರಿಪೇರಿಯವನನ್ನು ಕರೆಸಿದ. ಬಂದವನು ಮುಟ್ಟಿ ನೋಡಿ, "ಅಯ್ಯೋ, ಅಂಗಡಿ ಕಾವು ಇಳಿದಿದೆ, ಅದಕ್ಕೇ ಫ್ರಿಜ್ಜಿಗೆ ಕೆಲಸ ಕಡಿಮೆ. ಪಾಪ, ಒಂಚೂರು ಸುಧಾರಿಸ್ಕೊಳ್ಳಲಿ ಬಿಡಣ್ಣ" ಎಂದನಂತೆ. ಆ ತಿಂಗಳು ಕರೆಂಟು ಬಿಲ್ಲೂ ಇಳಿಯಿತು. ಈ ಕಥೆಯನ್ನು ಇವರು ಸಿಕ್ಕವರಿಗೆಲ್ಲ ಹೇಳಿದರು. ನನಗೇ ಎಷ್ಟು ಸಲ ಹೇಳಿದರೋ.

ಕೆಲಸದಲ್ಲಿ ಕಟ್ಟುನಿಟ್ಟು. ತಾರಸಿಯನ್ನು ತಿಕ್ಕಿ ತೊಳೆಯಬೇಕು, ಒಣಗಲು ಬಿಡಬೇಕು. ಧೂಳಿನ ಮೇಲೆ ಬಳಿದರೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ. ಒಂದು ಕೋಟು ಒಣಗಿದ ಮೇಲೆ ಇನ್ನೊಂದು. ದೂರದ ಮೂಲೆಯಿಂದ ಶುರುಮಾಡಿ ಹಿಂದೆ ಹಿಂದೆ ಸರಿಯುತ್ತ ಮೆಟ್ಟಿಲ ಹತ್ತಿರ ಮುಗಿಸಬೇಕು.

ಆದರೆ ನಮ್ಮ ಮನೆ? ದೀಪದ ಬುಡದಲ್ಲಿ ಕತ್ತಲೆ. ಮೇಲೆ ಬರೀ ಸಿಮೆಂಟು. ಮಧ್ಯಾಹ್ನ ಫ್ಯಾನು ಹಾಕಿದರೆ ಒಲೆ ಊದಿದ ಹಾಗೆ. ನಾನು ಕೇಳಿದಾಗಲೆಲ್ಲ ಒಂದೇ ಉತ್ತರ: "ನಾಳೆ ಕಣೇ."

ಆ ನಾಳೆ ಬಂದದ್ದು ಮೊಮ್ಮಗಳು ಹುಟ್ಟಿದ ಮೇಲೆ. ಬೇಸಿಗೆಗೆ ಮಗು ನಮ್ಮಲ್ಲಿರಲಿ ಎಂದು ಇವರಿಗೆ ಆಸೆ. ತೊಟ್ಟಿಲನ್ನೂ ತಂದಿಟ್ಟುಬಿಟ್ಟಿದ್ದರು. ಮಗಳು ಫೋನಿನಲ್ಲಿ ಖಡಾಖಂಡಿತವಾಗಿ ಹೇಳಿದಳು.

"ಅಪ್ಪಾ, ಆ ಮನೇಲಿ ನಾನು ಬೆವರುಸಾಲೆ ಕೆರ್ಕೊಂಡೇ ಬೆಳೆದೆ. ಮಗೂಗೆ ಅದು ಬೇಡ. ಒಂದು ಮಧ್ಯಾಹ್ನ ನೋಡ್ತೀನಿ. ಬೆವರಿ ಅತ್ಲೋ, ಸಂಜೆಗೇ ವಾಪಸ್."

"ಅವಳು ಬೆವರಿದ್ರೆ ನನ್ನ ಹೆಸರು ಬದಲಾಯಿಸು."

"ಏನಂತ? ಕರಿಯಣ್ಣ ಅಂತಾನಾ?"

ಫೋನಿಟ್ಟವರೇ ಪೊರಕೆ ಹಿಡಿದು ತಾರಸಿ ಹತ್ತಿದರು. ತೊಳೆದರು, ಒಣಗಿಸಿದರು, ಮೊದಲ ಕೋಟು ಬಳಿದರು. ಎರಡನೆಯದು ಮಗಳು ಬರುವ ದಿನ ಬೆಳಗ್ಗೆ. ಅಲ್ಲೇ ಎಡವಟ್ಟಾಯಿತು. ತೊಟ್ಟಿಲಿನ ಕೋಣೆ ಮೆಟ್ಟಿಲ ಪಕ್ಕಕ್ಕಿದೆ. ಮೊದಲು ಮಗುವಿನ ತಲೆಯ ಮೇಲಾಗಲಿ ಎಂದು ಇವರು ಅಲ್ಲಿಂದಲೇ ಶುರುಮಾಡಿದರು. ಬಳಿಯುತ್ತ ಬಳಿಯುತ್ತ ಹೋಗಿ ಆಚೆ ಮೂಲೆಯ ನೀರಿನ ಟ್ಯಾಂಕಿಗೆ ಬೆನ್ನು ತಾಗಿದಾಗಲೇ ಗೊತ್ತಾದದ್ದು. ಎದುರಿಗೆ ಇಡೀ ತಾರಸಿ ಹಸಿ. ಮೆಟ್ಟಿಲು ಆಚೆ ದಡ.

ಬಟ್ಟೆ ಒಣಹಾಕಲು ತಮ್ಮ ತಾರಸಿಗೆ ಬಂದ ಪಕ್ಕದ ಮನೆಯ ಅಕ್ಕ ನೋಡಿದರು.

"ಏನ್ ಬಿಳಿಯಣ್ಣ, ಬೆಣ್ಣೆ ಮೇಲೆ ಕೂತ ನೊಣ ಇದ್ದಂಗಿದ್ದೀರಲ್ಲ!"

"ಒಂಚೂರು ಗಾಳಿ ತಗೋತಾ ಇದ್ದೀನಮ್ಮ."

"ತಗೊಳ್ಳಿ ತಗೊಳ್ಳಿ. ತಿಂಡಿ ಎಸೀಲಾ?"

ನಾನು ಅಂಗಳದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಷ್ಟರಲ್ಲಿ ಬಾಗಿಲಿಗೆ ಕಾರು ಬಂತು. ಊಟದ ಹೊತ್ತಿಗೆ ಬರುತ್ತೇವೆಂದವರು ತಿಂಡಿಯ ಹೊತ್ತಿಗೇ ಹಾಜರು. ಇಳಿಯುತ್ತಲೇ ಮಗು ಅತ್ತಿತು. ಆ ದನಿ ಮೇಲಕ್ಕೆ ಕೇಳಿತು.

"ಲೇ, ಅವಳನ್ನ ಸ್ವಲ್ಪ ಎತ್ತಿ ತೋರ್ಸೇ!"

"ಒಣಗ್ಲಿ ಇರ್ರೀ. ಮಗು ಎಲ್ಲೂ ಓಡಿಹೋಗಲ್ಲ."

"ನಾನೇ ಓಡಿ ಬರ್ತೀನಿ ಕಣೇ!"

ಬಂದೇಬಿಟ್ಟರು. ಜೀವಮಾನದಲ್ಲಿ ಯಾರ ತಾರಸಿಯ ಮೇಲೂ ಹಸಿ ಬಣ್ಣ ತುಳಿಯದ ಮನುಷ್ಯ. ಮೆಟ್ಟಿಲ ಮೇಲೆಲ್ಲ ಬಿಳಿ ಪಾದ ಒತ್ತಿಕೊಂಡು ಇಳಿದು ಎರಡೂ ಕೈ ಚಾಚಿದರು.

"ಕಾಲು ತೊಳ್ಕೊಂಡು ಬಾ ಅಪ್ಪಾ" ಎಂದಳು ಮಗಳು. "ಕೈನೂ. ಹುಬ್ಬೂ."

ಮಧ್ಯಾಹ್ನ ಮನೆಯಲ್ಲಿ ಯಾರೂ ಪಿಟಕ್ಕೆನ್ನುವಂತಿಲ್ಲ. ಮಗು ತೊಟ್ಟಿಲಲ್ಲಿ. ಇವರು ಸ್ಟೂಲು ಹತ್ತಿ ಸೂರಿಗೆ ಅಂಗೈ ಇಟ್ಟು ನೋಡುವರು. ಇಳಿದು ಮಗುವಿನ ಹಣೆ ಮುಟ್ಟುವರು. ಮತ್ತೆ ಸ್ಟೂಲು.

"ಅಪ್ಪಾ, ಸೆಕೆಗೆ ಏಳಲ್ಲ ಅವಳು. ನೀನೇ ಮುಟ್ಟಿ ಮುಟ್ಟಿ ಎಬ್ಬಿಸ್ತೀಯ."

ಹಾಗೆಂದವಳು ಬೀಸಣಿಗೆ ಕೆಳಗಿಟ್ಟು ತಾನೂ ನಿದ್ದೆಹೋದಳು. ಬಿಸಿಲು ಇಳಿದ ಮೇಲೆ ಎದ್ದ ಮಗು ಅಳಲಿಲ್ಲ, ಕಾಲಾಡಿಸಿತು. ಮಗಳು ಅದರ ಕುತ್ತಿಗೆಯ ಸಂದಿಗೆ ಬೆರಳು ಹಾಕಿ ನೋಡಿದಳು. ಒಣಗಿತ್ತು. ಚೀಲ ಬಿಚ್ಚಿ ಮಗುವಿನ ಬಟ್ಟೆಗಳನ್ನು ಕಪಾಟಿನಲ್ಲಿಟ್ಟಳು. ಇವರು ನನ್ನ ಕಡೆ ನೋಡಿ ಹುಬ್ಬು ಹಾರಿಸಿದರು. ಹುಬ್ಬು ಇನ್ನೂ ಬಿಳಿಯೇ.

ಆಮೇಲೆ ಪ್ರತಿ ಬೇಸಿಗೆ ಮೊಮ್ಮಗಳು ನಮ್ಮಲ್ಲೇ. ತಾರಸಿಯ ಮೇಲೆ ಮೂಡಿದ ಆ ಹೆಜ್ಜೆಗಳಿಗೆ ತೇಪೆ ಹಾಕಿ ಎಂದು ನಾನು ಹೇಳುತ್ತಲೇ ಇದ್ದೆ. "ನಾಳೆ ಕಣೇ." ಹಾಕಲಿಲ್ಲ.

ಈ ಬೇಸಿಗೆಗೆ ಬಿಳಿ ಮಾಸಿತ್ತು. ಕೋಣೆ ಮತ್ತೆ ಕಾಯತೊಡಗಿತ್ತು. ಮೊಮ್ಮಗಳು ಬರುವವಳಿದ್ದಳು. ಅಳಿಯ ಆಳು ಕಳಿಸುತ್ತೇನೆಂದ. ಬೇಡವೆಂದೆ. ನಾನೇ ತೊಳೆದೆ, ದೂರದ ಮೂಲೆಯಿಂದ ಶುರುಮಾಡಿದೆ. ಅವರ ಹೆಜ್ಜೆಯ ಹತ್ತಿರ ಬಂದಾಗ ಕೈ ನಿಂತಿತು. ಬಿಟ್ಟರೆ ಅವರೇ ಬೈಯುತ್ತಿದ್ದರು, ಬಿಟ್ಟ ಜಾಗದಿಂದಲೇ ಬಿಸಿಲು ಇಳಿಯೋದು ಅಂತ. ಕಣ್ಣೊರೆಸಿಕೊಂಡೆ. ಬಳಿದೆ.

ಎರಡನೆಯ ಕೋಟನ್ನೂ ಮುಗಿಸಿ ಮೆಟ್ಟಿಲ ಹತ್ತಿರ ಸೊಂಟ ನೇರಮಾಡುತ್ತಿದ್ದೆ. "ಅಜ್ಜೀ!" ಎಂದು ದಡದಡ ಹತ್ತಿ ಬಂದ ಮೊಮ್ಮಗಳು ನನ್ನ ಕೈಗೆ ಸಿಗದೆ, ಹಸಿ ಬಣ್ಣದ ಮೇಲೆ ಟ್ಯಾಂಕಿನವರೆಗೂ ಓಡಿಬಿಟ್ಟಳು. ತಿರುಗಿ ತನ್ನ ಹೆಜ್ಜೆ ನೋಡಿ ಕುಣಿದಳು. ನನಗೂ ನಗು ತಡೆಯಲಿಲ್ಲ.

ಕೆಳಗಿನಿಂದ ಮಗಳು ಕೂಗಿದಳು. "ಅಮ್ಮಾ, ತುಳಿದುಬಿಟ್ಲಾ? ಮತ್ತೆ ಬಳೀಬೇಕಲ್ಲ!"

"ನಾಳೆ ಕಣೇ" ಎಂದೆ.