ಬಾಗಿಲೊಳಗಿನ ಗೋಡು

ಅದು ೨೦೦೨ರ ಬೇಸಿಗೆ. ನನ್ನ ಹೆಂಡತಿ ಸುಮಿತ್ರಾಗೆ ಆಗ ಏಳು ತಿಂಗಳು. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ತಿಪಟೂರಿನ ಡಾಕ್ಟರಮ್ಮ, "ಸ್ವಲ್ಪ ನೋವು ಕಂಡರೂ ತಕ್ಷಣ ಇಲ್ಲಿರಬೇಕು, ಬಸ್ಸಿಗೆ ಕಾಯ್ತಾ ಕೂರಬೇಡಿ" ಎಂದಿದ್ದರು. ನಮ್ಮ ತೋಟದ ಮನೆ ಬಿಳಿಗೆರೆ ಊರಿನಿಂದಲೂ ಒಳಕ್ಕೆ ಇದೆ. ಹಾಗಾಗಿ ಆ ವರ್ಷದ ಕೊಬ್ಬರಿ ಮಾರಿದವನೇ ಒಂದು ಹಳೆಯ ಕಾರು ಕೊಂಡೆ. ಬಿಳಿ ಬಣ್ಣದ್ದು, ಸೆಂಟ್ರಲ್ ಲಾಕ್ ಮತ್ತು ಪವರ್ ವಿಂಡೋ ಹಾಕಿಸಿದ್ದು. ಮಾರಿದ ಅಂಗಡಿಯವರನ್ನು ನಂಜಪ್ಪ ಎಂದು ಕರೆಯುತ್ತೇನೆ. ಅವರ ನಿಜವಾದ ಹೆಸರು ಅದಲ್ಲ. "ಆರು ತಿಂಗಳು ಇಂಜಿನ್ನು, ವೈರಿಂಗು ಏನು ಹೋದ್ರೂ ನಂದು ಕಣ್ರೀ" ಎಂದು ಹೇಳಿ, ಬಿಲ್ಲಿನ ಮೇಲೂ ಹಾಗೆಯೇ ಬರೆದುಕೊಟ್ಟಿದ್ದರು.

ಕಾರಿನಲ್ಲಿ ಮೊದಲ ದಿನದಿಂದಲೇ ಒಂದು ವಾಸನೆ ಇತ್ತು. ನಮಗೆ ಅದು ತಿಳಿಯಲಿಲ್ಲ ಎಂದಲ್ಲ, ನಮ್ಮದೇ ವಾಸನೆ ಎಂದುಕೊಂಡೆವು. ಕೆರೆ ಬತ್ತಿದಾಗ ತಳದ ಹೂಳನ್ನು ತೆಗೆದು ನಾವು ತೆಂಗಿನ ಬುಡಕ್ಕೆ ಹೊಡೆಯುತ್ತೇವೆ. ಅದಕ್ಕೆ ಗೋಡು ಎನ್ನುತ್ತೇವೆ. ಆ ತಿಂಗಳುಗಳಲ್ಲಿ ನಮ್ಮ ಅಂಗಳ, ಚಪ್ಪಲಿ, ಒಗೆದ ಬಟ್ಟೆ ಎಲ್ಲವೂ ಗೋಡಿನ ವಾಸನೆಯೇ. ಗಾಜು ಏರಿಸಿ ಕುಳಿತರೆ ಕಾರೂ ಹಾಗೆಯೇ ನಾರುತ್ತಿತ್ತು. ಬೇರೆ ಕಡೆಯವರಾಗಿದ್ದರೆ ಅಂಗಡಿಯಲ್ಲೇ ಮೂಗು ಮುಚ್ಚಿಕೊಂಡು ಕೇಳುತ್ತಿದ್ದರು. ನಾವು ಕಾಲು ತೊಳೆದುಕೊಂಡು ಹತ್ತುವುದನ್ನು ರೂಢಿ ಮಾಡಿಕೊಂಡೆವು.

ಒಂದು ದಿನ ಮುಸ್ಸಂಜೆ ಕೊಟ್ಟಿಗೆಯ ಪಕ್ಕ ನಿಲ್ಲಿಸಿದ್ದ ಕಾರಿನೊಳಗೆ ಚಾವಣಿಯ ದೀಪ ಹತ್ತಿಕೊಂಡಿತ್ತು. ಬಾಗಿಲುಗಳು ಮುಚ್ಚಿದ್ದವು. ಬೀಗದ ಕೈ ನನ್ನ ಜೇಬಿನಲ್ಲಿತ್ತು. ಸ್ವಿಚ್ಚು ಆಫ್ ಆಗಿಯೇ ಇತ್ತು. ನಾನು ಹತ್ತಿರ ಹೋಗುವವರೆಗೂ ಖಾಲಿ ಹಿಂದಿನ ಸೀಟಿನ ಮೇಲೆ ಹಳದಿ ಬೆಳಕು ಬೀಳುತ್ತಿತ್ತು, ಬಾಗಿಲು ತೆಗೆದ ಕೂಡಲೇ ಆರಿಹೋಯಿತು. ನಾನು ಸುಮಿತ್ರಾಗೆ ಹೇಳಲಿಲ್ಲ.

ಆಮೇಲೆ ಒಂದು ದಿನ ಡಾಕ್ಟರಲ್ಲಿಗೆ ಹೊರಟಿದ್ದೆವು. ಆರಾಮವಾಗಿರಲಿ ಎಂದು ಅವಳು ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಕೆರೆ ಏರಿಯ ಮೇಲೆ, ಸರಿಯಾದ ಬಿಸಿಲಲ್ಲಿ, ಇಂಜಿನ್ ಸುಮ್ಮನಾಯಿತು. ಮರುಕ್ಷಣ ಎಲ್ಲ ಬಾಗಿಲುಗಳ ಲಾಕ್‌ಗಳು ಟಪ್ಪೆಂದು ಬಿದ್ದವು. ಲಾಕಿನ ಗುಬುಟು ಹಿಡಿದು ಎಳೆದರೂ ಏಳಲಿಲ್ಲ. ಗಾಜು ಇಳಿಯಲಿಲ್ಲ. ಹಾರನ್ ತಾನಾಗಿ ಕೂಗಲು ಶುರುವಾಗಿ, ಹಾಗೆಯೇ ನಿಂತಿತು. ಆ ಮೌನದಲ್ಲಿ ಸುಮಿತ್ರಾ ಅಂದಳು:

"ರೀ, ಬಾಗ್ಲೊಳಗೆ ಯಾರೋ ತಟ್ತಾವ್ರೆ."

ನನಗೂ ಕೇಳಿಸಿತು. ಟಕ್, ಟಕ್. ಸ್ವಲ್ಪ ಬಿಟ್ಟು ಮತ್ತೆ ಟಕ್. ಅವಳ ಪಕ್ಕದ ಬಾಗಿಲಿನಿಂದ. ಅದು ಲಾಕಿನ ಮೋಟಾರು ಎಂದು ಈಗ ಗೊತ್ತು. ಆಗ ನಾವಿಬ್ಬರೂ ಉಸಿರು ಹಿಡಿದು ಅದನ್ನೇ ಕೇಳುತ್ತಿದ್ದೆವು. ಕಾರು ಕಾದ ಹೆಂಚಿನಂತಾಗಿತ್ತು. ಅವಳು ಬಾಯಿ ತೆರೆದು ಉಸಿರಾಡುತ್ತಿದ್ದಳು. ಗೋಡು ತುಂಬಿಕೊಂಡು ಬಂದ ಟ್ರ್ಯಾಕ್ಟರಿನವನು ನಮ್ಮನ್ನು ನೋಡಿ, ಸಲಿಕೆಯಿಂದ ಮುಂದಿನ ಗಾಜು ಒಡೆದು ನಮ್ಮಿಬ್ಬರನ್ನೂ ಹೊರಗೆಳೆದುಕೊಂಡ. ಕೆಳಗಿಳಿದ ಮೇಲೆ ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಏರಿಯ ಕಲ್ಲಿನ ಮೇಲೆ ಕುಳಿತಳು. ಮಗು ಅಲುಗಾಡಿತು ಎಂದು ಅವಳು ಹೇಳುವವರೆಗೆ ನಾನು ನಿಂತೇ ಇದ್ದೆ.

ಮರುದಿನ ಟ್ರ್ಯಾಕ್ಟರಿಗೆ ಕಟ್ಟಿ ಕಾರನ್ನು ನಂಜಪ್ಪನವರ ಅಂಗಡಿಗೆ ಎಳೆದೊಯ್ದೆ. ಬೇಡವೆಂದರೂ ಕೇಳದೆ ಸುಮಿತ್ರಾ ಬಸ್ಸಿನಲ್ಲಿ ಬಂದಿದ್ದಳು. ನಂಜಪ್ಪ ಕಾರಿನೊಳಗೆ ತಲೆ ಹಾಕಿ, ಮೂಸಿ, ನಕ್ಕರು.

"ಏನ್ ಯಜಮಾನ್ರೇ, ಕಾರಲ್ಲಿ ಗೋಡು ಹೊಡೆದಿದ್ದೀರಲ್ಲ! ಇದೇನು ಎತ್ತಿನ ಗಾಡಿನಾ? ಇದಕ್ಕೆಲ್ಲ ಗ್ಯಾರಂಟಿ ಬರಕಿಲ್ಲ."

"ಒಂದು ಬುಟ್ಟಿನೂ ಹಾಕಿಲ್ಲ. ನೀವು ಕೊಟ್ಟಾಗಲೇ ಈ ವಾಸನೆ ಇತ್ತು" ಎಂದೆ.

"ಹಂಗಿದ್ರೆ ಅವತ್ತೇ ಯಾಕ್ ಹೇಳ್ಲಿಲ್ಲ?"

ನಮ್ಮ ಮೈಯ ವಾಸನೆ ಎಂದುಕೊಂಡಿದ್ದೆವು ಎಂದು ಹೇಗೆ ಹೇಳಲಿ?

"ಬಾಗ್ಲು ಬಿಚ್ಸಿ ನೋಡಿ" ಎಂದಳು ಸುಮಿತ್ರಾ. "ನಾವು ಹೊತ್ತಿದ್ರೆ ಗೋಡು ಡಿಕ್ಕಿಲಿರಬೇಕು. ಬಾಗ್ಲೊಳಗಿದ್ರೆ ಯಾರು ತುಂಬಿದ್ರು ಅಂತ ನೀವೇ ಹೇಳಿ."

"ಬಿಚ್ಚಲಾ ರಫೀಕು, ಅಮ್ಮೋರಿಗೂ ಸಮಾಧಾನ ಆಗ್ಲಿ" ಎಂದು ನಂಜಪ್ಪ ಪಕ್ಕದ ಗ್ಯಾರೇಜಿನ ಮೆಕ್ಯಾನಿಕ್‌ನನ್ನು ಕರೆದರು. ಆಗಲೂ ನಗುತ್ತಲೇ ಇದ್ದರು.

ರಫೀಕ್ ಮುಂದಿನ ಬಾಗಿಲಿನ ಒಳಹಲಗೆ ಬಿಚ್ಚಿದ. ಬೂದು ಬಣ್ಣದ ಒಣ ಗೋಡು ಹೆಂಟೆಹೆಂಟೆಯಾಗಿ ಅವನ ಕಾಲ ಮೇಲೆ ಬಿತ್ತು. ಅದರಲ್ಲಿ ಸಣ್ಣ ಬಸವನಹುಳುವಿನ ಚಿಪ್ಪುಗಳಿದ್ದವು. ಹಿಂದಿನ ಬಾಗಿಲಲ್ಲೂ ಇತ್ತು, ಆದರೆ ತಳದಲ್ಲಿ ಮಾತ್ರ. ಮುಂದಿನ ಬಾಗಿಲಲ್ಲಿ ಗಾಜಿನವರೆಗೂ ಇದ್ದ ಹೂಳಿನ ಗೆರೆ ಹಿಂದೆ ಹೋದಂತೆ ಇಳಿಜಾರಾಗಿ ಕೆಳಗೆ ಬಂದಿತ್ತು. ರಫೀಕ್ ತನ್ನ ಕೈಯನ್ನೇ ಕಾರಿನಂತೆ ಹಿಡಿದು, ಬೆರಳುಗಳನ್ನು ಕೆಳಮುಖ ಮಾಡಿ ತೋರಿಸಿದ. "ಮೂತಿ ಕೆಳಗಾಗಿ ನೀರಿಗೆ ಬಿದ್ದೈತೆ ಸಾರ್. ಸುಮಾರು ದಿನ ಅಲ್ಲೇ ಇತ್ತು."

ಚಾವಣಿ ದೀಪದ ವಿಷಯವನ್ನು ಆಗ ನಾನು ಹೇಳಿದೆ. ವೈರು ನೋಡಲು ರಫೀಕ್ ಚಾವಣಿಯ ಬಟ್ಟೆಯನ್ನು ಹಿಂದಿನಿಂದ ಸೀಳಿದ. ಅದು ಹೊಸ ಬಟ್ಟೆ. ಅದರ ಹಿಂದೆ ಹಳೆಯದನ್ನು ಹಾಗೆಯೇ ಬಿಟ್ಟಿದ್ದರು.

ಹಿಂದಿನ ಸೀಟಿನ ನೇರಕ್ಕೆ, ಆ ಹಳೆಯ ಬಟ್ಟೆಯ ಮೇಲೆ, ಗೋಡಿನ ಕೈಗುರುತುಗಳಿದ್ದವು. ಅಂಗೈ ಮೇಲಕ್ಕೆ ಒತ್ತಿದ ಗುರುತುಗಳು. ಒಂದರ ಮೇಲೊಂದು, ಒಂದರ ಪಕ್ಕ ಒಂದು. ಎಷ್ಟಿದ್ದವು ಎಂದು ನಾನು ಎಣಿಸಲಿಲ್ಲ. ನೀರು ಮುಟ್ಟದೆ ಗಾಳಿ ಉಳಿದಿದ್ದ ಜಾಗ ಅದೊಂದೇ ಇರಬೇಕು.

ಸುಮಿತ್ರಾ ಹತ್ತಿರ ಹೋದಳು. ಒಂದು ಗುರುತಿನ ಕೆಳಗೆ ಮುಟ್ಟದಂತೆ ತನ್ನ ಅಂಗೈಯನ್ನು ಹಿಡಿದಳು. ಅಳತೆ ಹೆಚ್ಚುಕಡಿಮೆ ಒಂದೇ ಇತ್ತು.

"ಹೆಂಗಸು ಕಣ್ರೀ" ಎಂದಳು.

ರಫೀಕ್ ತಲೆಯ ಟೋಪಿ ಸರಿಮಾಡಿಕೊಂಡು ಹಿಂದಕ್ಕೆ ಬಂದ. ನಂಜಪ್ಪ ಬೆಂಚಿನ ಮೇಲೆ ಕುಳಿತುಬಿಟ್ಟಿದ್ದರು. "ಹರಾಜಲ್ಲಿ ತಗೊಂಡಿದ್ದು ತಾಯಿ, ದೂರದ ಗಾಡಿ. ನೀರು ಕುಡಿದೈತೆ ಅಂತ ಗೊತ್ತಿತ್ತು, ಇದು ನನ್ನಾಣೆ ಗೊತ್ತಿರ್ಲಿಲ್ಲ. ಹೊಸ ಬಟ್ಟೆ ಹಾಕಿಸ್ದೋರು ನಾವಲ್ಲ" ಎಂದರು. ಆಮೇಲೆ, "ಗ್ಯಾರಂಟಿ ಐತೆ, ಎಲ್ಲಾ ರಿಪೇರಿ ಮಾಡಿಸ್ಕೊಡ್ತೀನಿ" ಎಂದರು.

ಅದೇ ಮಾತಿಗಾಗಿ ನಾನು ಬೆಳಗಿನಿಂದ ಜಗಳವಾಡಿದ್ದೆ. ಈಗ ಅದು ಬೇಡವಾಗಿತ್ತು. ಸುಮಿತ್ರಾ ಹೇಳಿದಳು: "ರಿಪೇರಿ ಬ್ಯಾಡ. ಇದ್ರ ಬದ್ಲು ಬೇರೆ ಗಾಡಿ ಕೊಡಿ. ಇದನ್ನ ಇಲ್ಲೇ ನಮ್ಮ ಕಣ್ಮುಂದೆ ಒಡೆಸಿ. ಇನ್ನೊಬ್ರು ಕೂರಬಾರದು."

ನಂಜಪ್ಪ ಗ್ಯಾಸ್ ಕಟರಿನವನನ್ನು ಕರೆಸಿದರು. ಚಾವಣಿಯ ತಗಡು ಕತ್ತರಿಸುವ ಮುಂಚೆ ರಫೀಕ್ ಆ ಹಳೆಯ ಬಟ್ಟೆಯನ್ನು ನಿಧಾನವಾಗಿ ಬಿಡಿಸಿ, ಮಡಿಚಿ, ಎತ್ತರದ ಕಪಾಟಿನ ಮೇಲಿಟ್ಟ.

ಹೊರಡುವಾಗ ಸುಮಿತ್ರಾ ನಂಜಪ್ಪನವರನ್ನು ಕೇಳಿದಳು: "ಆ ಹೆಂಗಸು, ಅವ್ರು ಕಾರಿಂದ ಈಚೆಗೆ ಬಂದ್ರಾ?"

ನಂಜಪ್ಪ ಕಪಾಟಿನ ಮೇಲಿದ್ದ ಬಟ್ಟೆಯತ್ತ ನೋಡಿದರು. "ಬಂದ್ರು ಅನ್ಕೊಳ್ಳಿ ತಾಯಿ" ಎಂದರು.

ಮಗಳು ಸುರಕ್ಷಿತವಾಗಿ ಹುಟ್ಟಿದಳು. ಬದಲಿಗೆ ಬಂದದ್ದು ಕೈಯಲ್ಲಿ ತಿರುಗಿಸಿ ಗಾಜು ಇಳಿಸುವ ಹಳೆಯ ಜೀಪು. ಈಗಲೂ ಪ್ರತಿ ಬೇಸಿಗೆ ತೋಟಕ್ಕೆ ಗೋಡು ಬರುತ್ತದೆ, ಅಂಗಳವೆಲ್ಲ ಅದೇ ವಾಸನೆ. ಆಗ ಸುಮಿತ್ರಾ ಕೆಲಸ ನಿಲ್ಲಿಸಿ ಒಮ್ಮೆ ತನ್ನ ಅಂಗೈ ನೋಡಿಕೊಳ್ಳುತ್ತಾಳೆ. ಯಾಕೆಂದು ನಾನು ಕೇಳುವುದಿಲ್ಲ. ಬಂದರು, ಈಚೆಗೆ ಬಂದರು ಎಂದು ನಾನೂ ಇಷ್ಟು ವರ್ಷಗಳಿಂದ ಅಂದುಕೊಳ್ಳುತ್ತಲೇ ಇದ್ದೇನೆ.