ಕಂಟಿನ್ಯೂಟಿಗೆ ಬಣ್ಣ ಬಳಿದ ಓಣಿ

“ಅಯ್ಯೋ, ಗೋಡೆ ಎಲ್ಲಿ ಹೋಯ್ತು?”

ಮೊನ್ನೆ ಬೆಳ್ಳಂಬೆಳಿಗ್ಗೆ ಗೋವಾದ ನಮ್ಮ ಮಂಗೋರ್ ಹಿಲ್ ಗುಡ್ಡದ ಓಣಿಯಲ್ಲಿ ನಿಂತು ಹೀಗೆ ಕಿರುಚಿದವಳು ಒಬ್ಬ ಸಹಾಯಕ ನಿರ್ದೇಶಕಿ. ಗೋಡೆ ಅಲ್ಲೇ ಇತ್ತು. ಆದರೆ ಹಿಂದಿನ ದಿನ ಪಾಚಿಗಟ್ಟಿ, ಚಕ್ಕೆ ಎದ್ದು ನಿಂತಿದ್ದದ್ದು ಈಗ ಗಿಳಿಹಸಿರು ಬಣ್ಣದಲ್ಲಿ ಫಳಫಳ ಹೊಳೆಯುತ್ತಿತ್ತು!

ಆದದ್ದಿಷ್ಟು. ಬೆಂಗಳೂರಿನ ಸಿನಿಮಾದವರು ನಮ್ಮ ಪಕ್ಕದ ಮನೆ ಶಾಂತವ್ವನ ಮನೆಯನ್ನು ‘ಲೊಕೇಶನ್’ ಎಂದು ಆರಿಸಿದ್ದರು. ಗೋವಾ ಎಂದರೆ ಬೀಚ್ ಬಿಟ್ಟು ಬೇರೇನೂ ಕಾಣದ ಈ ಜನ ಕೊನೆಗೂ ಗುಡ್ಡ ಹತ್ತಿದರಲ್ಲ ಅಂತ ನನಗೆ ಖುಷಿಯೋ ಖುಷಿ. ಕಟ್ಟಡದ ಕೆಲಸಕ್ಕೆ ಹೋಗುವ ಶಾಂತವ್ವನಿಗೇ ಹೀರೋನ ತಾಯಿಯ ಪಾತ್ರವನ್ನೂ ಕೊಟ್ಟರು. ಮಗ ಮನೆ ಬಿಟ್ಟು ಹೊರಟಾಗ “ಉಂಡು ಹೋಗಪ್ಪಾ” ಅನ್ನಬೇಕು. ಒಂದೇ ಡೈಲಾಗು. (ಅದನ್ನಾಕೆ ಎಷ್ಟು ಪ್ರಾಕ್ಟೀಸ್ ಮಾಡಿದಳೆಂದರೆ, ಆ ವಾರ ಓಣಿಯಲ್ಲಿ ಉಣ್ಣದೆ ಹೋದವರೇ ಇಲ್ಲ.) ಮೊದಲ ದಿನ ಹೀರೋ ಚೀಲ ಹೊತ್ತು ಹೊರಬಿದ್ದದ್ದಷ್ಟೇ ಶೂಟ್ ಆಯಿತು. ಡೈಲಾಗ್ ನಾಳೆ ಅಂದರು.

ನಾಳೆ ಮತ್ತೆ ಮನೆಗೆ ಮಂದಿ ಬರುತ್ತಾರೆ! ಗೋಡೆಯನ್ನು ಹಾಗೇ ಬಿಡೋದುಂಟೇ? ನಮ್ಮ ಓಣಿಯ ಅರ್ಧ ಗಂಡಸರು ಪೇಂಟರ್‌ಗಳು, ಉಳಿದರ್ಧ ಗೋಡೆ ಕಟ್ಟುವ ಗೌಂಡಿಗಳು. ಫೋಂಡಾದಿಂದ, ಡಿಚೋಲಿಯಿಂದ ಕೆಲಸ ಮುಗಿಸಿ ಬಂದವರು ಚಹಾ ಕುಡಿದು ಸೀದಾ ಬ್ರಶ್ ಹಿಡಿದರು. ಶಾಂತವ್ವನ ಗಂಡ ಬಸಪ್ಪ ಗೋಡೆಗೆ, ಎದುರು ಮನೆಯ ದಾದಾಪೀರ್ ಬಾಗಿಲಿಗೆ. ಅದೂ ನೀಲಿ ಆಯಿಲ್ ಪೇಂಟು. ನಾನೂ ಒಂದು ಕಿಟಕಿ ಬಳಿದೆ. (ಅದರ ಬಗ್ಗೆ ಯಾರೂ ಮಾತಾಡುತ್ತಿಲ್ಲ.)

“ಕಂಟಿನ್ಯೂಟಿ ಹಾಳಾಯ್ತು! ನಿನ್ನೆ ಶಾಟ್‌ನಲ್ಲಿ ಹೇಗಿತ್ತೋ ಇವತ್ತೂ ಹಾಗೇ ಇರ್ಬೇಕಿತ್ತು. ಈ ಸೀನೇ ಕಟ್ ಆಗುತ್ತೆ,” ಅಂದಳು ಆ ಸಹಾಯಕ ನಿರ್ದೇಶಕಿ ಹುಡುಗಿ.

ಶಾಂತವ್ವನ ಮುಖ ಬಾಡಿತು. “ಮನಿಗೆ ಬಂದೋರಿಗೆ ಹೊಲಸ ಗ್ವಾಡಿ ತೋರಸ್ಬೇಕೇನ್ರಿ ಅಕ್ಕಾರ? ಹಂಗಾರ ನನ್ನ ಮಾತು ಹೋತ?” ಎಂದು ನನ್ನನ್ನು ಕೇಳಿದಳು.

ಪ್ರೊಡಕ್ಷನ್ ಮ್ಯಾನೇಜರ್ ‘ಬಜೆಟ್, ಬಜೆಟ್’ ಎಂದು ತಲೆ ಹಿಡಿದುಕೊಂಡ. ಆರ್ಟ್ ಡಿಪಾರ್ಟ್‌ಮೆಂಟಿನವರು ಹೊಸ ಗೋಡೆಯನ್ನು ಹಳೆಯದು ಮಾಡಲು ಮಸಿ, ಮಣ್ಣು ಕಲಸಿ ತಂದರು. ಬಸಪ್ಪ ಅಡ್ಡ ನಿಂತ. “ಕೈ ಹಚ್ಚಿ ನೋಡ್ರಿ ಮತ್ತ!”

ಈ ಗದ್ದಲದಲ್ಲಿ ಬೇಸತ್ತ ಹೀರೋ ಹೋಗಿ ಬಾಗಿಲಿಗೆ ಒರಗಲು ಹೊರಟ. ಬಿಳಿ ಅಂಗಿ ಬೇರೆ!

“ಏ ಯಪ್ಪಾ, ಬಾಗಲಾ ಹಸಿ ಐತೋ! ಸರದು ನಿಂದ್ರೋ!” ಶಾಂತವ್ವ ಓಡಿಹೋಗಿ ಅವನ ರಟ್ಟೆ ಹಿಡಿದು ಎಳೆದಳು. ಬೆನ್ನಿಗೆ ಆಗಲೇ ಹತ್ತಿದ್ದ ನೀಲಿಯನ್ನು ಸೆರಗಿನಿಂದ ಒರೆಸುತ್ತಾ, “ಕಣ್ಣ ಕಾಣ್ಸೂದಿಲ್ಲೇನ ನಿನಗ?” ಎಂದು ಬೈದೇಬಿಟ್ಟಳು. ಎಲ್ಲರೂ ನಕ್ಕರು. ನಿರ್ದೇಶಕರು ಮಾತ್ರ ನಗಲಿಲ್ಲ.

“ಇದೇ ಸೀನು! ನಿನ್ನೆ ಶಾಟ್‌ನಲ್ಲಿ ಮಗ ಹೊರಟ, ಇವತ್ತಿನ ಶಾಟ್‌ನಲ್ಲಿ ವರ್ಷದ ಮೇಲೆ ವಾಪಸ್ ಬಂದಿದ್ದಾನೆ. ಅವ್ವ ಅವನಿಗೋಸ್ಕರ ಮನೆಗೆ ಬಣ್ಣ ಹೊಡೆಸಿದ್ದಾಳೆ,” ಅಂದರು. “ಅಮ್ಮಾ, ಈಗ ಬೈದಿರಲ್ಲ, ಹಾಗೇ ಇನ್ನೊಮ್ಮೆ ಬೈಯಿರಿ.”

ಬೈದಳು ನೋಡಿ! ಒಂದೇ ಟೇಕ್‌ಗೆ ಓಕೆ. ಓಣಿಯೆಲ್ಲ ಸಿಳ್ಳೆ.

ಕಂಟಿನ್ಯೂಟಿಯಂತೆ! ಇವತ್ತು ಫೋಂಡಾ, ನಾಳೆ ಡಿಚೋಲಿ ಅನ್ನುವ ನಮ್ಮ ಗುಡ್ಡದಲ್ಲಿ ಯಾರ ದಿನ ನಿನ್ನೆಯ ಹಾಗೇ ಇರುತ್ತದೆ ಹೇಳಿ? ಬರುವವರಿದ್ದಾರೆ ಅಂದರೆ ಬಣ್ಣ ಹೊಡೆಯುವ ಉಮೇದಿ ಮಾತ್ರ ಎಲ್ಲರಿಗೂ ಇದೆ.

“ಪಿಚ್ಚರ್‌ದಾಗ ಖರೇನ ಇರ್ತೀನೇನ್ರಿ?” ಎಂದು ಶಾಂತವ್ವ ಈಗ ದಿನಾ ಕೇಳುತ್ತಾಳೆ. ಫೈನಲ್ ಕಟ್ ನನ್ನ ಕೈಯಲ್ಲಿಲ್ಲವಲ್ಲ! ಆದರೆ ರಿಲೀಸ್ ದಿನ ಮೊದಲ ಶೋಗೆ ಇಡೀ ಓಣಿ ಹೋಗುವುದಂತೂ ಗ್ಯಾರಂಟಿ.

ಶಾಂತವ್ವನನ್ನು ಕಟ್ ಮಾಡಿ, ಆ ಥಿಯೇಟರಿನಿಂದ ಹೊರಬರುವ ನಮ್ಮೆದುರು ನಿಲ್ಲುವ ಧೈರ್ಯ ಯಾವ ಪ್ರೊಡ್ಯೂಸರ್‌ಗಿದೆ?