ಅಟ್ಟದ ಮೇಲಿನ ಬೇರು

ಅಂತರ್ಜಾಲದ ವಿಳಾಸಗಳಿಗೆಲ್ಲ ಒಂದೇ ಬೇರು, ಅಂದರೆ ಯಾವ ಹೆಸರು ಎಲ್ಲಿದೆ ಎಂದು ಹೇಳುವ ಒಂದೇ ಮೂಲಪಟ್ಟಿ, ಅದೂ ಒಂದೇ ಸಂಸ್ಥೆಯ ಕೈಯಲ್ಲಿ ಎಂದರೆ ಬೀದಿಯವರ ಬಾಯಲ್ಲಿ ‘ಬೇರಿನ ಮಾವ’ನಾದ ಈ ಮನುಷ್ಯನಿಗೆ ಮೈ ಉರಿಯುತ್ತದೆ. “ಹೆಸರಿಟ್ಟುಕೊಳ್ಳೋಕೆ ಯಾರದ್ದೋ ಅಪ್ಪಣೆ ಯಾಕ್ರೀ?” ಎನ್ನುತ್ತಾರೆ. “ಒಂದೇ ಹೆಸರು ಇಬ್ಬರಿಗಾದ್ರೆ ಗೊಂದಲ ಆಗಲ್ವಾ?” ಎಂದವರ ಜೊತೆ ಮಾತು ಬಿಡುತ್ತಾರೆ. ಅಟ್ಟದ ಮೇಲೆ ಅವರದೇ ಬೇರು ಇದೆ: ಲೋಕದ ವಿಳಾಸಗಳಿಗೂ, ಮಾವನೇ ಹುಟ್ಟಿಸಿದ ವಿಳಾಸಗಳಿಗೂ ದಾರಿ ಹೇಳುವ ಹಳೇ ಕಂಪ್ಯೂಟರು. ಯಾರ ಮನೆಗೆ ಹೋದರೂ, ಕಾಫಿ ಆರುವ ಮೊದಲೇ ಅವರ ಕಂಪ್ಯೂಟರು ತಮ್ಮ ಅಟ್ಟದ ಬೇರನ್ನೇ ದಾರಿ ಕೇಳುವಂತೆ ಮಾಡಿಬಿಡುತ್ತಾರೆ. ಮಾವ ಗೇಟು ದಾಟಿದ ಕೂಡಲೇ ಮನೆಯವರು ಅದನ್ನು ಮೊದಲಿನಂತೆ ಮಾಡಿಕೊಳ್ಳುತ್ತಾರೆ. ಮೊನ್ನೆ ಮಾವನ ಮಗಳು ತಾಯಿಯ ಮೊಬೈಲ್ ಹಿಡಿದು, “ಒಂದು ಪುಟ ತೆರೆಯೋಕೆ ಯುಗಾನೇ ಬೇಕಲ್ಲಮ್ಮಾ, ಅಪ್ಪನ ಬೇರು ಕಿತ್ತುಹಾಕ್ಲಾ?” ಎಂದಳು. ತಾಯಿ ಅಟ್ಟದತ್ತ ನೋಡಿ ದನಿ ತಗ್ಗಿಸಿದರು: “ಬೇಡ ಕಣೇ. ಅವರ ಹತ್ರ ದಾರಿ ಕೇಳೋಳು ಲೋಕದಲ್ಲಿ ನಾನೊಬ್ಬಳೇ.”